ಹಂಗಾಮಿ ಮಾಸ್ತರನ ಸೂರ್ಯಮಂಡಲ

ಶಾಲೆಗಳ ತಪಾಸಣೆ ಮಾಡುವವನಿಗೆ ನಗೆಯ ಪ್ರಸಂಗಗಳಿಗೆ ಬರವಿಲ್ಲ. ಆದರೆ ಅವು ಯಾವಾಗಲೂ ಮುಖ ಬಿಗಿದುಕೊಂಡು ಕೂತಿರಬೇಕಾದ ಹೊತ್ತಿನಲ್ಲೇ ನಡೆಯುತ್ತವೆ. ಆಗ ನುಂಗಿಕೊಂಡ ನಗುವನ್ನು ಈಗ, ಪಿಂಚಣಿ ತಗೊಳ್ಳುವ ವಯಸ್ಸಿನಲ್ಲಿ, ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದೇನೆ.

ಮೂವತ್ತರ ದಶಕದ ಮೊದಲ ಕೆಲವು ವರ್ಷ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರ ಕಡೆಯ ಶಾಲೆಗಳ ತಪಾಸಣೆ ನನ್ನ ಪಾಲಿಗಿತ್ತು. ಸವಣೂರು ಆಗ ನವಾಬರ ಸಂಸ್ಥಾನ. ಅಲ್ಲಿಗೆ ಕರೆದಾಗ ಮಾತ್ರ ಹೋಗುತ್ತಿದ್ದೆ. ಡೆಪ್ಯೂಟಿ ಅನ್ನಲು ನಾಲಗೆ ಹೊರಳದೆ ಜನ ನನ್ನನ್ನು ದಿಪೋಟಿ ಸಾಹೇಬ್ರು ಅನ್ನುತ್ತಿದ್ದರು. ನಾನು ಇಂಗ್ಲಿಷ್ ಶಾಲೆಯಲ್ಲಿ ಕಲಿತವನು. ಹೊತ್ತಿಗೆ ಸರಿಯಾಗಿ ಬರಬೇಕು, ಗೊತ್ತಿಲ್ಲದ್ದನ್ನು ಗೊತ್ತು ಅನ್ನಬಾರದು, ಗೊತ್ತಿದ್ದದ್ದನ್ನು ಗೊತ್ತಿಲ್ಲ ಅನ್ನಬಾರದು: ಇಷ್ಟನ್ನು ಅಲ್ಲಿ ಬೆತ್ತದಿಂದ ಕಲಿಸಿದ್ದರು. ನಾನು ಬರುತ್ತೇನೆ ಅಂತ ಸುದ್ದಿ ಹೋದರೆ ಹಳ್ಳಿಯ ಶಾಲೆಗಳು ಸುಣ್ಣ ಬಳಿದುಕೊಳ್ಳುತ್ತಿದ್ದವು. ಒಂದೂರಲ್ಲಿ ಅವಸರಕ್ಕೆ ನಾನು ಕೂಡುವ ಕುರ್ಚಿಗೂ ಬಳಿದಿದ್ದರು.

ಇಲ್ಲಿ ಬರೆಯುವುದೆಲ್ಲ ಒಬ್ಬ ಹಂಗಾಮಿ ಮಾಸ್ತರನ ಸಂಗತಿ. ಇಪ್ಪತ್ತನಾಲ್ಕರ ಹರೆಯದ ತೆಳ್ಳನೆಯ ಮನುಷ್ಯ, ಸೂರ್ಯಮಂಡಲದ ಪಾಠ ಅಂದರೆ ಊಟ ಮರೆಯುತ್ತಿದ್ದ. ಹಂಗಾಮಿ ಅಂದರೆ ನೌಕರಿ ಕಾಯಂ ಆಗಿಲ್ಲದವನು. ಅಂಥವರ ಮೇಲೆ ಮೂರು ದೂರು ಬಂದರೆ ಮನೆಗೆ ಕಳಿಸುವುದು ಆಗಿನ ಪದ್ಧತಿ. ಈತನಿಗೆ ಹಾನಗಲ್ಲದ ಒಬ್ಬ ಜೋಯಿಸರ ಮಗಳನ್ನು ಗೊತ್ತು ಮಾಡಿದ್ದರು. ಜೋಯಿಸರ ಷರತ್ತು ಒಂದೇ: ನೌಕರಿ ಕಾಯಂ ಆದ ಮೇಲೆ ಅಕ್ಷತೆ, ಹೋದರೆ ಬೇರೆ ವರ. ಕಾಯಂ ಮಾಡಬಹುದು ಅಂತ ಷರಾ ಬರೆಯಬೇಕಾದವನು ನಾನು. ಹೀಗಾಗಿ ಆತನ ನೌಕರಿ, ಮದುವೆ ಎರಡೂ ನನ್ನ ಪೆನ್ನಿನ ತುದಿಗೆ ಬಂದು ಕೂತಿದ್ದವು.

ಎಂಟೋ ಒಂಬತ್ತೋ

ಮೊದಲು ಆತನನ್ನು ಕಂಡದ್ದು ಹಿರೇಕೆರೂರ ಕಡೆಯ ಒಂದು ಶಾಲೆಯಲ್ಲಿ. ನಾಲ್ಕನೆಯ ವರ್ಗಕ್ಕೆ, "ಗ್ರಹ ಎಷ್ಟು?" ಎಂದು ಕೇಳಿದೆ. ಅರ್ಧ ವರ್ಗ ಎಂಟು ಅಂದಿತು, ಅರ್ಧ ಒಂಬತ್ತು ಅಂದಿತು. ಆಮೇಲೆ ಎರಡೂ ಪಕ್ಷದವರು ಮಾಸ್ತರನ ಮುಖ ನೋಡಿದರು. ಮಾಸ್ತರ ನನ್ನ ಮುಖ ನೋಡಿದ. ನಾನು ಪಠ್ಯಪುಸ್ತಕ ನೋಡಿದೆ. ಅದರಲ್ಲಿ ಎಂಟು ಇದ್ದವು.

"ಒಂಬತ್ತು ಅಂತ ಕಲಿಸಿದವರು ಯಾರು?"

"ನಾನ ರೀ. ಅಮೇರಿಕಾದಾಗ ಇನ್ನೊಂದು ಗ್ರಹ ಕಂಡುಹಿಡಿದಾರ. ಪೇಪರಿನಾಗ ಬಂದದ."

"ಪುಸ್ತಕದಾಗ ಬಂದದ ಏನು?"

"ಇಲ್ರಿ. ಪುಸ್ತಕ ಅದಕ್ಕಿಂತ ಮೊದಲ ಅಚ್ಚಾಗ್ಯದ."

"ಹಂಗಾದ್ರ ಪುಸ್ತಕ ಬದಲಾಗೂತನಕ ಎಂಟ."

"ಸಾಹೇಬ್ರ, ಗ್ರಹ ಪುಸ್ತಕಕ್ಕ ಕಾಯೂದಿಲ್ರಿ."

ಒಬ್ಬ ಹಂಗಾಮಿ ಮಾಸ್ತರ ಹೀಗೆ ಎದುರು ಮಾತಾಡುವುದನ್ನು ಆ ಶಾಲೆಯ ಗೋಡೆಗಳೂ ಕೇಳಿರಲಿಲ್ಲ. ಹೊಸ ಗ್ರಹದ ಸುದ್ದಿ ನಾನೂ ಇಂಗ್ಲಿಷ್ ಪೇಪರಿನಲ್ಲಿ ಓದಿದ್ದೆ. ಪ್ರಶ್ನೆ ಗ್ರಹದ್ದಲ್ಲ, ಅಪ್ಪಣೆಯದು. ನಾಳೆ ಒಬ್ಬ ಪೇಪರ್ ನೋಡಿ ಗ್ರಹ ಹೆಚ್ಚು ಮಾಡಿದರೆ ನಾಡಿದ್ದು ಇನ್ನೊಬ್ಬ ಪೇಪರ್ ನೋಡದೆಯೇ ಹೆಚ್ಚು ಮಾಡುತ್ತಾನೆ. ಷರಾ ಬರೆಯಲು ಪೆನ್ನು ತೆಗೆದೆ.

ಶಾಲಾ ಕಮಿಟಿಯ ಅಧ್ಯಕ್ಷರು, ಹತ್ತಿ ವ್ಯಾಪಾರದ ಶೆಟ್ಟರು, ಪಕ್ಕದ ಬಾಕಿನ ಮೇಲೆ ಕೂತಿದ್ದರು. ಮಾಸ್ತರನ ಬಿಳಚಿದ ಮುಖ ನೋಡಿ ಅವರಿಗೆ ಏನನ್ನಿಸಿತೋ, ಗಂಟಲು ಸರಿ ಮಾಡಿಕೊಂಡರು.

"ಸಾಹೇಬ್ರ, ಒಂಬತ್ತು ಅಂದ್ರ ತಪ್ಪೇನ್ರಿ? ನಮ್ಮ ಗುಡಿಯಾಗ ಒಂಬತ್ತ ಅದಾವ. ನಮ್ಮ ಮುತ್ತ್ಯಾನ ಮುತ್ತ್ಯಾ ನೋಡಿದಾಗೂ ಒಂಬತ್ತ ಇದ್ವು."

"ಶೆಟ್ಟರ, ಆ ಒಂಬತ್ತ ಬ್ಯಾರೆ. ಅದರಾಗ ಸೂರ್ಯ ಅದಾನ. ಸೂರ್ಯ ಗ್ರಹ ಅಲ್ಲ."

"ತಗೀರಿ ಸೂರ್ಯನ್ನ. ಎಂಟು."

"ಚಂದ್ರನೂ ಗ್ರಹ ಅಲ್ಲ. ಅವ ಭೂಮಿಯನ್ನ ಸುತ್ತಾಂವ."

"ತಗೀರಿ. ಏಳು."

"ರಾಹು ಕೇತು ಇಲ್ಲವೇ ಇಲ್ಲ. ಅವು ಬರೇ ನೆರಳಿನ ಲೆಕ್ಕ."

"ತಗೀರಿ ಇಬ್ಬರನ್ನೂ. ಐದು ಉಳದ್ವು."

"ಭೂಮಿ ಕೂಡಿಸಬೇಕು. ನಾವು ನಿಂತದ್ದೂ ಒಂದು ಗ್ರಹ."

"ಆರು."

"ದುರ್ಬೀನು ಬಂದ ಮ್ಯಾಲೆ ದೂರದವು ಎರಡು ಸಿಕ್ಕಾವ."

"ಎಂಟು."

ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು. ಶೆಟ್ಟರದು ಮುಗಿಯಲಿಲ್ಲ. "ಈಗ ಅಮೇರಿಕಾದವರದು ಒಂದು. ಒಂಬತ್ತು. ಸಾಹೇಬ್ರ, ಅಷ್ಟೆಲ್ಲಾ ತಗದು, ಅಷ್ಟೆಲ್ಲಾ ಕೂಡಿಸಿ, ತಿರುಗಿ ನಮ್ಮ ಗುಡಿಗೇ ಬಂದ್ರಲ್ಲ. ಇಷ್ಟು ದೂರ ಹೋಗೂದು ಏನಿತ್ತು?"

ಷರಾ ಬರೆದೆ. "ಮಾಸ್ತರ ಪಠ್ಯದ ಆಚೆ ಕಲಿಸುತ್ತಾನೆ." ಅದೇ ಮೊದಲ ದೂರು ಎಂದು ಲೆಕ್ಕಕ್ಕೆ ಹೋಯಿತು. ಶೆಟ್ಟರು ಅದರ ಕೆಳಗೆ ಕಮಿಟಿಯ ಪರವಾಗಿ ಸಹಿ ಮಾಡುವಾಗ ಒಂದು ಸಾಲು ಸೇರಿಸಿದ್ದರು. ಅದನ್ನು ನಾನು ಇಳಿದುಕೊಂಡಿದ್ದ ಸರಕಾರಿ ಬಂಗಲೆಗೆ ಬಂದ ಮೇಲೆ ನೋಡಿದೆ: "ಗುಡಿಯ ಆಚೆ ಕಲಿಸಿಲ್ಲ."

ಹತ್ತನೆಯ ಮನೆ

ಆ ಷರಾದ ಸುದ್ದಿ ನನಗಿಂತ ಮೊದಲು ಹಾನಗಲ್ಲ ಮುಟ್ಟಿತ್ತು. ನಾನು ಅಲ್ಲಿಯ ಬಂಗಲೆಯಲ್ಲಿ ಇಳಿದು ಚಹಾ ಕುಡಿಯುತ್ತಿದ್ದಾಗ ಜೋಯಿಸರು ಬಂದರು. ತಲೆಗೆ ರುಮಾಲು, ಹಣೆಗೆ ಅಂಗಾರ, ಕಂಕುಳಲ್ಲಿ ಬಟ್ಟೆ ಸುತ್ತಿದ ಎರಡು ಕುಂಡಲಿ. ಕುರ್ಚಿ ತೋರಿಸಿದೆ. ಕೂಡಲಿಲ್ಲ.

"ನಮ್ಮ ಅಳಿಯ ಆಗಬೇಕಾದ ಹುಡುಗನ ಸಂಬಂಧ ಬಂದೇನಿ."

"ನೌಕರಿ ವಿಷಯ ಆದ್ರ ನಾ ಮಾತಾಡೂದಿಲ್ಲ. ಶಿಫಾರಸು ಕೇಳಿಕೊಳ್ಳೂದು ನನ್ನ ಪದ್ಧತಿಯೊಳಗಿಲ್ಲ."

"ಶಿಫಾರಸು ಅಲ್ರಿ. ಒಂದು ಸಂಶಯ ಅದ, ಕೇಳ್ಲಿಕ್ಕೆ ಬಂದೇನಿ. ಹುಡುಗ ನಮ್ಮ ಮನಿಗೆ ಬಂದಾಗ ಅಂಗಳದಾಗ ನಿಂತು ನನ್ನ ಮಗಳ ಮುಂದ ಏನು ಹೇಳಿದ ಗೊತ್ತದ ಏನ್ರಿ? ಶನಿಗೆ ಸುತ್ತೂಕಡೆ ಬಳಿ ಅವ ಅಂತ. ಅಂದ್ರ ಶನಿದೇವರು ಬಳಿ ಇಟ್ಟುಗೊಂಡಾನ ಏನು?"

"ಬಳಿಯಂಥಾವು. ದುರ್ಬೀನಿನಾಗ ಕಾಣತಾವ. ಖರೆ ಅದ."

ಜನ್ಮವಿಡೀ ಎಳ್ಳೆಣ್ಣೆ ಹಚ್ಚಿ ಹೆದರಿದ ದೇವರಿಗೆ ಬಳೆ ತೊಡಿಸಿದರೆ ಯಾರಿಗಾದರೂ ಕಷ್ಟವೇ.

"ಮತ್ತ ಆ ಶನಿಗೂ ಮನುಷ್ಯಾನ ನೌಕರಿಗೂ ಸಂಬಂಧ ಇಲ್ಲ ಅಂತನೂ ಅಂದ."

"ಅದೂ ಖರೆ. ಶನಿ ಕೋಟಿಗಟ್ಟಲೆ ಮೈಲು ದೂರ ಅದ. ಆತನ ನೌಕರಿ ಸುದ್ದಿ ಅಲ್ಲಿತನಕ ಹೋಗೂದಿಲ್ಲ. ಅದನ್ನ ನೋಡಿಕೊಳ್ಳಾವ ನಾನು, ಅದೂ ನಿಯಮದ ಪ್ರಕಾರ."

ಜೋಯಿಸರು ಹುಡುಗನ ಕುಂಡಲಿ ಬಿಚ್ಚಿದರು. ನೌಕರಿಯನ್ನು ತೋರಿಸುವ ಹತ್ತನೆಯ ಮನೆಯ ಮೇಲೆ ಬೆರಳಿಟ್ಟರು. ನನ್ನ ಕೋಟು, ನನ್ನ ಟೊಪ್ಪಿಗೆ, ನನ್ನ ಮುಖ ಎಲ್ಲವನ್ನೂ ನಿಧಾನವಾಗಿ ನೋಡಿದರು. ಆಮೇಲೆ ಕುಂಡಲಿ ಸುತ್ತಿಕೊಂಡು, ಮೊದಲು ಬೇಡ ಅಂದಿದ್ದ ಕುರ್ಚಿಯಲ್ಲಿ ಕೂತರು.

"ಎರಡು ವರ್ಷದಿಂದ ಹುಡುಕ್ಲಿಕ್ಕತ್ತಿದ್ದೆ, ಈ ಮನಿಯಾಗ ಇಷ್ಟು ಗಟ್ಟಿಯಾಗಿ ಕೂತಾವ ಯಾರು ಅಂತ," ಎಂದರು. "ಇವತ್ತು ಸಮಕ್ಷಮ ದರ್ಶನ ಆತು."

ಹೋಗುವಾಗ ಬಾಗಿಲಲ್ಲಿ ನಿಂತು, ಕಾಯಂ ಆಗುವುದು ಈ ವರ್ಷವೋ ಮುಂದಿನ ವರ್ಷವೋ ಅಂತ ಕೇಳಲಿಲ್ಲ. ಎಳ್ಳೆಣ್ಣೆ ನನಗೆ ಒಗ್ಗುತ್ತದೆಯೇ ಅಂತ ಕೇಳಿದರು.

ಒನಕೆ

ಮಾಸ್ತರನನ್ನು ಹಿರೇಕೆರೂರ ಕಡೆಯಿಂದ ಎತ್ತಿ ಬಂಕಾಪುರಕ್ಕೆ ಹಾಕಿದರು. ಅಲ್ಲಿಗೆ ಹೋದ ಕೆಲವೇ ದಿನಕ್ಕೆ ಒಂದು ಸೂರ್ಯಗ್ರಹಣ ಆಯಿತು. ನಮ್ಮ ಕಡೆ ಗ್ರಹಣ ಹಿಡಿದಾಗ ಹೆಂಗಸರು ಪರಾತದಲ್ಲಿ, ಅಂದರೆ ಅಗಲದ ತಾಟಿನಲ್ಲಿ, ನೀರು ಹಾಕಿ ನಡುವೆ ಒನಕೆ ನಿಲ್ಲಿಸುತ್ತಾರೆ. ಗ್ರಹಣ ಇರುವತನಕ ಅದು ಯಾವ ಆಸರೆಯಿಲ್ಲದೆ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂದು ನಂಬಿಕೆ.

ಮಾಸ್ತರ ವರ್ಗದಲ್ಲಿ, ಚಂದ್ರ ಅಡ್ಡ ಬಂದರೆ ಗ್ರಹಣ, ಒನಕೆಗೂ ಅದಕ್ಕೂ ಸಂಬಂಧವಿಲ್ಲ, ತಳ ಸಪಾಟಾಗಿದ್ದರೆ ಯಾವ ದಿನ ಬೇಕಾದರೂ ಒನಕೆ ನಿಲ್ಲುತ್ತದೆ ಅಂದ. ಅದು ಮನೆಮನೆಗೆ ಹೋಯಿತು. ನಾನು ತಪಾಸಣೆಗೆ ಹೋದ ದಿನ ಊರ ಪಂಚರೆಲ್ಲ ಶಾಲೆಯ ಮುಂದೆ ಇದ್ದರು. ಅವರ ಮುಂದೆ ಒಬ್ಬ ಅಜ್ಜಿ. ಪಂಚರಲ್ಲಿ ಹಿರಿಯವರ ತಾಯಿ. ಆಕೆ ಕೂತರೆ ಪಂಚರು ನಿಲ್ಲುತ್ತಿದ್ದರು. ಆಕೆಯ ಪಕ್ಕದಲ್ಲಿ ಪರಾತ, ನೀರು, ಒನಕೆ ಎಲ್ಲ ತಯಾರು.

"ಇವತ್ತ ಗ್ರಹಣ ಇಲ್ಲ ಹೌದಲ್ಲೋ ಮಾಸ್ತರ?"

"ಇಲ್ಲಬೇ."

"ಹಂಗಾರ ನಿಂದ್ರಸು. ನಿಂತರ ನೀ ಹೇಳಿದ್ದು ಖರೆ. ಬಿದ್ದರ, ನಮ್ಮ ಹುಡುಗರಿಗೆ ಸುಳ್ಳು ಕಲಿಸಿದಿ ಅಂತ ನನ್ನ ಮಗ ಸಾಹೇಬ್ರ ಕೈಯಾಗ ಅರ್ಜಿ ಕೊಡತಾನ."

ಮಗ ಅರ್ಜಿಯನ್ನು ಬರೆಸಿಕೊಂಡೇ ಬಂದಿದ್ದ. ಎರಡನೆಯ ದೂರು.

ಮಾಸ್ತರ ಒನಕೆ ನಿಲ್ಲಿಸಿದ. ಬಿತ್ತು. ಮತ್ತೆ ನಿಲ್ಲಿಸಿದ. ಬಿತ್ತು, ನೀರು ನನ್ನ ಬೂಟಿನ ಮೇಲೆ ಚಿಮ್ಮಿತು. ಆತನ ಹಣೆಯ ಬೆವರು ಪರಾತದಲ್ಲಿ ತೊಟ್ಟಿಕ್ಕುತ್ತಿತ್ತು. ಕೋಟೆಯ ಕಡೆಯಿಂದ ಒಂದು ನವಿಲು ಕೂಗಿತು. ಅದೂ ಅಜ್ಜಿಯ ಪಕ್ಷವೇ ಇದ್ದಂತೆ ಕೇಳಿಸಿತು. ಮೂರನೆಯ ಸಲ ಆತ ಒನಕೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕೂದಲೆಳೆಯಷ್ಟು ಹೊರಳಿಸಿ, ಕೈ ಬಿಟ್ಟ.

ನಿಂತಿತು.

ಗಾಳಿ ಬೀಸಿತು, ಆದರೂ ನಿಂತಿತು. ಮಾಸ್ತರ ಎದ್ದು ನನ್ನ ಕಡೆ ನೋಡಿದ. ಆತನ ಮುಖದಲ್ಲಿ ಮದುವೆಯ ಕಳೆ ಬಂದಿತ್ತು.

ಅಜ್ಜಿ ಒನಕೆಯ ಸುತ್ತ ಒಂದು ಸಲ ಬಂದಳು. ನೋಡಿದಳು. ಆಮೇಲೆ ಸೊಸೆಯಂದಿರ ಕಡೆ ತಿರುಗಿ, "ಗ್ರಹಣ ಹಿಡದೈತಿ. ನಡೀರಿ, ಅಡಗಿ ಚೆಲ್ಲರಿ, ತಲಿಮ್ಯಾಗ ನೀರು ಹಾಕ್ಕೋರಿ," ಎಂದಳು.

"ಅಜ್ಜಿ, ಸೂರ್ಯ ಪೂರ್ತಿ ಕಾಣಾಕತ್ತಾನಲ್ಲಬೇ," ಮಾಸ್ತರನ ದನಿ ಅಳುವಂತಿತ್ತು.

"ನಮ್ಮೂರಾಗ ಕಾಣದ್ದು ಬ್ಯಾರೆ ದೇಶದಾಗ ಹಿಡದಿರತೈತಿ. ನೀನ ಕಲಿಸಿಯಲ್ಲೋ ಹುಡುಗರಿಗೆ, ಒಂದ ಕಡೆ ಕಂಡದ್ದು ಒಂದ ಕಡೆ ಕಾಣೂದಿಲ್ಲ ಅಂತ?"

ಅದು ಪಠ್ಯಪುಸ್ತಕದಲ್ಲೇ ಇತ್ತು.

ಅರ್ಧ ತಾಸಿನಲ್ಲಿ ಊರಿನ ಮಧ್ಯಾಹ್ನದ ಅಡಿಗೆ, ನನಗೆಂದು ಪಂಚರ ಮನೆಯಲ್ಲಿ ಮಾಡಿದ್ದ ಊಟವೂ ಸೇರಿ, ಹಿತ್ತಲಿಗೆ ಹೋಯಿತು. ಒನಕೆ ಮಾತ್ರ ಸಂಜೆಯತನಕ ನಿಂತೇ ಇತ್ತು. ಅದನ್ನು ಬೀಳಿಸಲು ಯಾರಿಗೂ ಧೈರ್ಯ ಬರಲಿಲ್ಲ. ಪಂಚರು ಮೊದಲಿನ ಅರ್ಜಿ ಹರಿದು ಹಾಕಿ ಹೊಸದು ಬರೆಸಿದರು. ಅಷ್ಟು ವರ್ಷದ ನೌಕರಿಯಲ್ಲಿ ಅಂಥ ದೂರು ನನ್ನ ಕೈಗೆ ಬಂದದ್ದು ಅದೊಂದೇ: "ಸದರಿ ಮಾಸ್ತರನು ಶಾಲೆಯ ಹೊತ್ತಿನಲ್ಲಿ, ಸಾಹೇಬರ ಸಮಕ್ಷಮದಲ್ಲಿಯೇ, ಮೇಲಿನವರ ಅಪ್ಪಣೆ ಪಡೆಯದೆ, ಗ್ರಹಣ ಹಿಡಿಸಿದ್ದಾನೆ."

ಒಬ್ಬರ ಸಾಕ್ಷಿ

ಎರಡು ದೂರಿನವನನ್ನು ಎಲ್ಲ ಊರಿನವರೂ ಬೇಡ ಅಂದರು. ಸವಣೂರಿನ ಒಂದು ಶಾಲೆಯವರು ಕೆಲವು ತಿಂಗಳ ಮಟ್ಟಿಗೆ ಒಬ್ಬ ಮಾಸ್ತರನನ್ನು ಎರವಲು ಕೇಳಿದ್ದರು; ಅಲ್ಲಿಗೆ ಹೋದ. ಆ ವರ್ಷ ಒಂದಾದರೂ ಒಳ್ಳೆಯ ತಪಾಸಣೆ ಆಗದಿದ್ದರೆ ಕಾಯಂ ಮಾತು ಎತ್ತುವಂತೆಯೇ ಇರಲಿಲ್ಲ. ತಪಾಸಣೆಗೆ ನನ್ನನ್ನೇ ಕರೆದರು. ನಾನು ಹೋದಾಗ ರಮಜಾನಿನ ಕೊನೆ.

ಲೆಕ್ಕ ಹೀಗಿತ್ತು. ಇವತ್ತು ಸಂಜೆ ಚಂದ್ರ ಕಂಡರೆ ನಾಳೆ ಹಬ್ಬ, ನಾಡಿದ್ದು ತಪಾಸಣೆಗೆ ವರ್ಗ ತುಂಬಿರುತ್ತದೆ. ಕಾಣದಿದ್ದರೆ ನಾಡಿದ್ದೇ ಹಬ್ಬ, ತಪಾಸಣೆಗೆ ಬರೀ ಬಾಕುಗಳು. ತಪಾಸಣೆಯ ದಿನ ಬದಲಿಸಿ ಅಂತ ಮಾಸ್ತರ ಕೇಳಿದ. ನಾನು ಗೊತ್ತು ಮಾಡಿದ ದಿನ ಬದಲಿಸುವವನಲ್ಲ.

ಸಂಜೆ ಊರೆಲ್ಲ ಮಾಳಿಗೆಯ ಮೇಲಿತ್ತು. ಪಡುವಣ ದಿಕ್ಕಿಗೆ ಮೋಡ. ಮಾಸ್ತರ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹತ್ತಿ ಇಳಿದು, ಹಣೆಗೆ ಕೈ ಹಚ್ಚಿ ಹುಡುಕುತ್ತಿದ್ದ. ಖಾಜಿಯವರು ಗಡ್ಡದಲ್ಲೇ ನಕ್ಕರು. "ಮಾಸ್ತರ್ ಸಾಬ್, ತಿಂಗಳಿಡೀ ರೋಜಾ ಹಿಡಿದವರು ನಾವೋ ನೀವೋ?"

ಅಷ್ಟರಲ್ಲಿ ಮಾಸ್ತರ, "ಅಲ್ಲಿ, ಅಲ್ಲಿ," ಎಂದು ಬೆರಳು ಚಾಚಿದ. ಎಲ್ಲರೂ ತಿರುಗುವಷ್ಟರಲ್ಲಿ ಮೋಡ ಮುಚ್ಚಿತ್ತು.

"ಒಬ್ಬರ ಗವಾಹಿ ಸಾಲೂದಿಲ್ಲ ಬೇಟಾ," ಖಾಜಿಯವರು ಮೆತ್ತಗೆ ಹೇಳಿದರು. "ಅದರಾಗೂ ನಮ್ಮ ಜಮಾತಿನವರು ನೋಡಬೇಕು. ಆದರೂ ಕೇಳತೇನಿ. ದಿಪೋಟಿ ಸಾಬ್, ನೀವು ನೋಡಿದ್ರೇನು?"

ಸುತ್ತಲಿನ ಮಾಳಿಗೆಗಳೆಲ್ಲ ನನ್ನ ಕಡೆ ತಿರುಗಿದವು. ಮಾಸ್ತರನ ಕಣ್ಣು ನನ್ನ ಮೇಲಿತ್ತು. ಒಂದು ಹೌದು ಅಂದಿದ್ದರೆ ಆತನಿಗೆ ದೊಡ್ಡ ಆಸರೆ.

"ಲೆಕ್ಕದ ಪ್ರಕಾರ ಚಂದ್ರ ಅಲ್ಲಿ ಇರಬೇಕು," ಎಂದೆ. "ಆದರ ನಾ ನೋಡಿಲ್ಲ."

"ಶಾಬಾಸ್. ಇರೂದು ಬ್ಯಾರೆ, ನೋಡೂದು ಬ್ಯಾರೆ," ಎಂದು ಖಾಜಿಯವರು ಮೆಟ್ಟಿಲು ಇಳಿದರು.

ತಪಾಸಣೆಯ ದಿನ ಊರಿಗೆಲ್ಲ ಹಬ್ಬ. ಮಾಸ್ತರ ಹಲಗೆಯ ಮೇಲೆ ಸೂರ್ಯನನ್ನೂ ಗ್ರಹಗಳನ್ನೂ ಬಣ್ಣದ ಖಡುವಿನಿಂದ ಬರೆದು, ಒಬ್ಬ ಹುಡುಗನೂ ಇಲ್ಲದ ವರ್ಗದ ಮುಂದೆ ನೆಟ್ಟಗೆ ನಿಂತಿದ್ದ. ನಾನು ಹಾಜರಿ ಶೂನ್ಯ ಅಂತ ಬರೆದೆ; ಅದು ದೂರು ಆಗಲಿಲ್ಲ, ಒಳ್ಳೆಯ ತಪಾಸಣೆಯೂ ಆಗಲಿಲ್ಲ. ಬರೆದು ಮುಗಿಸುವಷ್ಟರಲ್ಲಿ ಖಾಜಿಯವರ ಆಳು ಎರಡು ಬಟ್ಟಲು ಸುರಕುಂಬಾ, ಅವರ ಹಬ್ಬದ ಶಾವಿಗೆ ಪಾಯಸ, ತಂದಿಟ್ಟು ಹೋದ.

ಮಾಸ್ತರ ಮಡಿವಂತರ ಮನೆಯ ಹುಡುಗ. ಬಟ್ಟಲು ನೋಡಿದ, ನನ್ನನ್ನು ನೋಡಿದ. ತಪಾಸಣೆ ಮುಗಿಯಿತು, ಇನ್ನು ನಾನು ನಿಮಗೆ ಮೇಲಧಿಕಾರಿ ಅಲ್ಲ ಎಂದು ಹೇಳಿ ನಾನು ತಿನ್ನಲು ಶುರು ಮಾಡಿದೆ. ಆತನೂ ತಿಂದ. ಖರ್ಜೂರ ಸಿಕ್ಕಾಗ ಕಣ್ಣು ಮುಚ್ಚಿದ. ಈ ಸಂಗತಿ ಹಾನಗಲ್ಲದ ಜೋಯಿಸರಿಗೆ ಯಾರಾದರೂ ಹೇಳಿಯಾರೆಂದು ಆತನಿಗೆ ಬಹಳ ದಿನ ಹೆದರಿಕೆಯಿತ್ತು. ಹೆದರುವ ಕಾರಣವಿರಲಿಲ್ಲ. ನೋಡಿದವನು ನಾನೊಬ್ಬನೇ, ಒಬ್ಬರ ಗವಾಹಿ ಸಾಲುವುದಿಲ್ಲ.

ಗೌಡರ ಅಂಗಳ

ಕೊನೆಗೆ ಆತನನ್ನು ತಿಳವಳ್ಳಿಯ ಹತ್ತಿರದ ಒಂದು ಹಳ್ಳಿಗೆ ಹಾಕಿದರು. ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ, ಗೌಡರ ವಾಡೆಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ಗೌಡರು ಕೀಲಿ ಹಾಕಿದರೆ ಶಾಲೆ ಇಲ್ಲ.

ನಾನು ತಪಾಸಣೆಗೆ ಇಳಿದಾಗ ಗೌಡರು ಅಂಗಳದಲ್ಲಿ ನಿಂತಿದ್ದರು. ಕೈಯಲ್ಲಿ ತೆಂಗಿನಕಾಯಿ ಗಾತ್ರದ ಕೀಲಿ. ಎದುರಿಗೆ ಊರ ಕುಲಕರ್ಣಿಯವರು, ಬಗಲಲ್ಲಿ ಕೊಡೆ. ನಡುವೆ ಮಾಸ್ತರ.

ಆದದ್ದು ಇಷ್ಟು. ಹಿಂದಿನ ದಿನ ಮಾಸ್ತರ ಹುಡುಗರನ್ನೇ ಅಂಗಳದಲ್ಲಿ ನಿಲ್ಲಿಸಿ ಸೂರ್ಯಮಂಡಲ ತೋರಿಸಿದ್ದ. ಕುಲಕರ್ಣಿಯವರ ಮಗ ಉದ್ದಕ್ಕಿದ್ದಾನೆಂದು ಅವನನ್ನು ಸೂರ್ಯ ಮಾಡಿದ. ಗೌಡರ ಮೊಮ್ಮಗ ಭೂಮಿ.

"ಸಾಹೇಬ್ರ, ನಮ್ಮ ಮನಿತನದಾಗ ದೇವರ ಗುಡಿ ಬಿಟ್ಟು ಯಾರನ್ನೂ ಸುತ್ತಿಲ್ಲ," ಗೌಡರು ಸಮಾಧಾನದಿಂದಲೇ ಹೇಳಿದರು. "ನಿನ್ನಿ ನನ್ನ ಮೊಮ್ಮಗ ಕುಲಕರ್ಣ್ಯಾರ ಹುಡುಗನ ಸುತ್ತ ಪ್ರದಕ್ಷಿಣಿ ಹಾಕ್ಯಾನ. ಅದೂ ನನ್ನ ಅಂಗಳದಾಗ. ನಾ ದೂರು ಬರೆಸೇನಿ, ಕೀಲಿನೂ ತಂದೇನಿ."

"ಗೌಡ್ರ, ಅದು ಪ್ರದಕ್ಷಿಣಿ ಅಲ್ರಿ, ಪಾಠ," ಎಂದ ಮಾಸ್ತರ.

"ಸುತ್ತೂದು ಸುತ್ತೂದ. ಇವತ್ತ ಸಾಹೇಬ್ರ ಮುಂದ ತಿರುವಿ ಮಾಡು. ನಮ್ಮ ಹುಡುಗ ಸೂರ್ಯ ಆಗಲಿ, ಅವರಾಂವ ಸುತ್ತಲಿ."

ಕುಲಕರ್ಣಿಯವರು ಕೊಡೆಯನ್ನು ಇನ್ನೊಂದು ಬಗಲಿಗೆ ಬದಲಿಸಿದರು. "ಹಂಗ ಆದ್ರ ದೂರು ನಾ ಬರೀತೇನಿ. ನನಗ ಬರೆಸೂದು ಬ್ಯಾಡ, ಸ್ವತಾ ಬರೀಲಿಕ್ಕೆ ಬರತದ."

ಯಾರನ್ನು ಸೂರ್ಯ ಮಾಡಿದರೂ ಮೂರನೆಯ ದೂರು ತಯಾರಿತ್ತು. ಹಾನಗಲ್ಲದಲ್ಲಿ ಬೇರೆ ವರನ ಕುಂಡಲಿ ಬಂದಿದೆ ಎಂದು ನನಗೂ ಸುದ್ದಿ ಮುಟ್ಟಿತ್ತು. ಮಾಸ್ತರ ನನ್ನ ಹತ್ತಿರ ಬಂದು ಪಿಸುಗುಟ್ಟಿದ:

"ಸಾಹೇಬ್ರ, ಒಂದು ಗಳಿಗಿ ನೀವ ಸೂರ್ಯ ಆಗ್ತೀರೇನ್ರಿ? ಸರಕಾರವನ್ನ ಸುತ್ತಲಿಕ್ಕೆ ಯಾರದೂ ತಕರಾರು ಇರೂದಿಲ್ಲ."

ಸರಕಾರಿ ಅಧಿಕಾರಿ ಅಪ್ಪಣೆಯಿಲ್ಲದೆ ಬೇರೆ ಹುದ್ದೆ ಹಿಡಿಯಬಾರದೆಂಬ ನಿಯಮ ಇತ್ತು. ಸೂರ್ಯನ ಹುದ್ದೆ ಅದರಲ್ಲಿ ಬರುತ್ತದೆಯೇ ಎಂದು ಯೋಚಿಸಿದೆ. ಬರುವಂತೆ ಕಾಣಲಿಲ್ಲ. ಪಾಠವನ್ನು ಪೂರ್ತಿ ನೋಡದೆ ಷರಾ ಬರೆಯುವುದೂ ನನ್ನ ಪದ್ಧತಿಯಲ್ಲ. ಹೋಗಿ ಅಂಗಳದ ನಡುವೆ ನಿಂತೆ.

"ಅಲಗ್ಯಾಡಬ್ಯಾಡ್ರಿ ಸಾಹೇಬ್ರ. ಸೂರ್ಯ ಅಲಗ್ಯಾಡಿದ್ರ ಹುಡುಗರು ತಪ್ಪು ಕಲೀತಾರ."

ಗ್ರಹಗಳು ಹೊರಟವು. ಬುಧ ಓಡಿದ. ಶುಕ್ರನ ಚಡ್ಡಿ ಜಾರುತ್ತಿತ್ತು. ಗೌಡರ ಮೊಮ್ಮಗ ಭೂಮಿಯಾಗಿ ತನ್ನ ಸುತ್ತ ತಾನೂ ತಿರುಗುತ್ತ ನನ್ನ ಸುತ್ತಲೂ ತಿರುಗಿ, ತಲೆ ಸುತ್ತಿ, ಚಂದ್ರನನ್ನೇ ಹಿಡಿದುಕೊಂಡು ನಿಂತ. ಕುಲಕರ್ಣಿಯವರ ಮಗ ಗುರು. ದೊಡ್ಡ ಗ್ರಹವೆಂದು ಅವರಿಗೂ ಸಮಾಧಾನ. ಬಾವಿಗೆ ಹೊರಟಿದ್ದ ಹೆಂಗಸರು ಕೊಡ ಇಳಿಸಿ ನನಗೆ ಕೈ ಮುಗಿದರು. ಯಾರೋ ಪಾದದ ಹತ್ತಿರ ಎರಡು ಬಾಳೆಹಣ್ಣು ಇಟ್ಟರು. ಹೊಲದ ಬದುವಿನ ಅರ್ಜಿ ಹಿಡಿದ ಒಬ್ಬ ಮುದುಕ ಮಂಗಳ ಮತ್ತು ಗುರುವಿನ ನಡುವೆ ಸೇರಿಕೊಂಡು ತಾನೂ ಸುತ್ತತೊಡಗಿದ. ಅಲ್ಲಿ ಸಣ್ಣಪುಟ್ಟ ಕಲ್ಲುಗಳು ತಿರುಗುತ್ತವೆ ಎಂದು ಪುಸ್ತಕದಲ್ಲಿದೆ, ಆದ್ದರಿಂದ ಮಾಸ್ತರ ತಡೆಯಲಿಲ್ಲ. ಹೊತ್ತು ನೆತ್ತಿಗೆ ಬಂದಿತ್ತು. ನಾನು ಅಲುಗಾಡಲಿಲ್ಲ.

ಎಲ್ಲ ಸರಿಹೋದಂತಿತ್ತು. ಗೌಡರು ಮಾತ್ರ ಕೀಲಿ ಕೆಳಗಿಡದೆ ನನ್ನನ್ನೇ ನೋಡುತ್ತಿದ್ದರು.

"ಮಾಸ್ತರ, ಎಲ್ಲಾರೂ ಸುತ್ತಾಕತ್ತಾರ, ಸಾಹೇಬ್ರು ಒಬ್ಬರ ನಿಂತಾರ. ಸೂರ್ಯ ಯಾರನ್ನೂ ಸುತ್ತೂದಿಲ್ಲೇನು?"

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಪಠ್ಯಪುಸ್ತಕದಲ್ಲಿ ಸೂರ್ಯ ನಿಂತಲ್ಲೇ ನಿಂತಿದ್ದ. ನಾನು ಅಲುಗಾಡದೆ, ಕಣ್ಣಿನಿಂದಲೇ ಮಾಸ್ತರನಿಗೆ ಪಠ್ಯಪುಸ್ತಕ ನೆನಪಿಸಿದೆ. ಆತ ನನ್ನ ಕಣ್ಣು ನೋಡಿದ.

"ಸುತ್ತತಾನ್ರಿ," ಅಂದ. "ಇತ್ತಿತ್ತಲಾಗ ಗೊತ್ತಾಗ್ಯದ. ಸೂರ್ಯ ಗ್ರಹಗಳನ್ನೆಲ್ಲಾ ಕಟ್ಟಿಗೊಂಡು ಇನ್ನೂ ದೊಡ್ಡದೊಂದರ ಸುತ್ತ ಹೊಂಟಾನ."

ಗೌಡರು ನನ್ನ ಕಡೆ ತಿರುಗಿದರು. "ಖರೆ ಏನ್ರಿ ಸಾಹೇಬ್ರ? ಪುಸ್ತಕದಾಗ ಐತೇನು?"

"ಪುಸ್ತಕದಾಗ ಇಲ್ಲ," ಎಂದೆ.

ಮಾಸ್ತರನ ಮುಖ ಬಾಡಿತು. ಕುಲಕರ್ಣಿಯವರು ಕೊಡೆ ಊರಿ ಮುಂದೆ ಬಂದರು.

"ಆದರ ಖರೆ," ಎಂದೆ. ಆ ತಿಂಗಳೇ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಅದನ್ನು ಓದಿದ್ದೆ. ಗೊತ್ತಿದ್ದದ್ದನ್ನು ಗೊತ್ತಿಲ್ಲ ಅನ್ನಲು ಬರುವುದಿಲ್ಲ.

"ಆ ನಡುವಿನ ಜಾಗಾದಾಗ ಯಾರದಾರ?" ಗೌಡರು ಮಾಸ್ತರನನ್ನು ಕೇಳಿದರು.

"ಅಲ್ಲಿ ಏನದ ಅಂತ ಇನ್ನೂ ಯಾರಿಗೂ ಗೊತ್ತಾಗಿಲ್ರಿ."

"ಗೊತ್ತಾಗಿಲ್ಲಂದ್ರ ನಾ ಕುಂದ್ರತೇನಿ," ಎಂದು ಗೌಡರು ಕುರ್ಚಿ ತರಿಸಿ, ಅಂಗಳದ ಆ ಬದಿಗೆ ಹಾಕಿಸಿ, ಮೀಸೆ ನೀವಿಕೊಂಡು ಕೂತರು. "ಹೊಂಡ್ರಿ ಸಾಹೇಬ್ರ."

ಎಲ್ಲರೂ ನನ್ನ ಕಾಲು ನೋಡುತ್ತಿದ್ದರು. ಖರೆ ಅಂತ ಬಾಯಿಂದ ಹೇಳಿಯಾಗಿತ್ತು. ಬಾಯಿ ಹೇಳಿದ್ದನ್ನು ಕಾಲು ಮಾಡಬೇಕು. ಕುಲಕರ್ಣಿಯವರು ಏನನ್ನುತ್ತಾರೋ ಎಂದು ಮಾಸ್ತರ ಅವರ ಕಡೆ ನೋಡಿದ. ಅವರು ಕೊಡೆಯನ್ನು ಬಗಲಿಗೆ ಸೇರಿಸಿಕೊಂಡರು. "ನಮ್ಮ ಹುಡುಗ ಸಾಹೇಬ್ರನ್ನ ಸುತ್ತತಾನ. ಸಾಹೇಬ್ರು ಯಾರನ್ನ ಸುತ್ತತಾರ, ಅದು ಸರಕಾರದ ವಿಷಯ."

ಹೊರಟೆ. ಕೋಟು, ಟೊಪ್ಪಿಗೆ, ಬೂಟಿನ ಸಮೇತ ಗೌಡರ ಸುತ್ತ ನಾನು, ನನ್ನ ಸುತ್ತ ಒಂಬತ್ತು ಗ್ರಹ, ಭೂಮಿಯ ಸುತ್ತ ಚಂದ್ರ, ನಡುವೆ ಅರ್ಜಿ ಹಿಡಿದ ಮುದುಕ. ಯಾರೂ ನಗಲಿಲ್ಲ. ಅಷ್ಟು ಶಿಸ್ತಿನ ಭೂಗೋಳದ ಪಾಠ ನಾನು ಮತ್ತೆಲ್ಲೂ ನೋಡಿಲ್ಲ.

ಕಾಲು ಭಾಗ ಸುತ್ತಿದಾಗ ಗೌಡರು ಸಾಕು ಎಂದು ಕೈ ಎತ್ತಿದರು. ದೂರಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಚೀಲದಲ್ಲಿ ತುರುಕಿದರು. ನಾನು ಅಲ್ಲೇ ಪಡಸಾಲೆಯಲ್ಲಿ ಕೂತು, ಬೆವರು ಒರೆಸಿಕೊಂಡು, ಷರಾ ಬರೆದು ಗಟ್ಟಿಯಾಗಿ ಓದಿದೆ: "ಪಾಠ ಉತ್ತಮ. ಮಾಸ್ತರನನ್ನು ಕಾಯಂ ಮಾಡಲು ಅಡ್ಡಿಯಿಲ್ಲ." ಆ ಒಂದು ಸಾಲಿನ ಮೇಲೆ ಹಾನಗಲ್ಲದಲ್ಲಿ ವೈಶಾಖದ ಮುಹೂರ್ತ ಗಟ್ಟಿಯಾಯಿತು, ಬೇರೆ ವರನ ಕುಂಡಲಿ ವಾಪಸು ಹೋಯಿತು. ನಾನು ಓದಿ ಮುಗಿಸಿದಾಗ ಮಾಸ್ತರ ಮಾತ್ರ ಇನ್ನೊಂದು ಸಲ ಓದಿರಿ ಅಂದ.

ಗೌಡರಿಗೆ ಇನ್ನೂ ಒಂದು ಸಂಶಯ ಉಳಿದಿತ್ತು.

"ಮಾಸ್ತರ, ಈ ಸೂರ್ಯ ಒಂದು ಸುತ್ತು ಪೂರಾ ಹಾಕಾಕ ಎಷ್ಟು ದಿನ ಹಿಡಿತೈತಿ?"

"ದಿನ ಅಲ್ರಿ ಗೌಡ್ರ. ಕೋಟಿಗಟ್ಟಲೆ ವರ್ಷ."

ಗೌಡರು ಅಂಗಳದಲ್ಲಿ ನನ್ನ ಬೂಟಿನ ಗುರುತು ಎಲ್ಲಿಗೆ ನಿಂತಿತ್ತು ಎಂದು ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದದ ಮೇಲೆ ಬೆರಳಿಟ್ಟರು.

"ಹಂಗಾರ ಇದರಾಗ ಇನ್ನೊಂದು ಸಾಲು ಹಾಕ್ರಿ ಸಾಹೇಬ್ರ. ನಿಮ್ಮ ಸುತ್ತು ಮುಗಿಯೂತನಾ ಈ ಮಾಸ್ತರನ್ನ ಇಲ್ಲಿಂದ ಯಾರೂ ವರ್ಗ ಮಾಡಬಾರದು."